ಬೆನ್ನಿಗೆ ಗರಗಸ ಬೇಡ, ಹಿಡಿಯೊಳಗೆ ಉಕ್ಕಿರಲಿ

ಆನ್‌ಲೈನ್ ಅಂಗಡಿಯಲ್ಲಿ ‘ಸರ್ವೈವಲ್ ನೈಫ್’ (ಕಾಡಿನಲ್ಲಿ ಆಪತ್ತಿಗಾಗುತ್ತದೆ ಎಂದು ಮಾರುವ ಚಾಕು) ಎಂದು ಹುಡುಕಿದರೆ ಮೊದಲಿಗೇ ಒಂದು ಚಾಕು ಎದುರಾಗುತ್ತದೆ. ಕಪ್ಪು ಬಣ್ಣ ಬಳಿದ ಹೆಚ್ಚುಕಡಿಮೆ ಒಂದಡಿ ಉದ್ದದ ಸರಕು. ಬೆನ್ನ ಮೇಲೆ ಗರಗಸದ ಹಲ್ಲು. ಹಿಡಿಯ ತುದಿಯಲ್ಲಿ ತಿರುಪಿ ಬಿಚ್ಚುವ ದಿಕ್ಸೂಚಿ. ಬಿಚ್ಚಿದರೆ ಒಳಗೆ ನಾಲ್ಕು ಬೆಂಕಿಕಡ್ಡಿ, ಒಂದು ಗಾಳ, ಒಂದಿಷ್ಟು ನೂಲು. 1980ರ ದಶಕದ ಹಾಲಿವುಡ್ ಸಿನಿಮಾಗಳು ಹಬ್ಬಿಸಿದ ರೂಪ ಇದು. ಮಳೆ ಹಿಂದೆ ಸರಿದು ಯಾಣ, ಉಂಚಳ್ಳಿ, ಗೋಕರ್ಣದ ಕಡಲಂಚಿನ ನಡಿಗೆ ಎಂದು ಹೊರಡುವ ಹುಡುಗರ ಬ್ಯಾಗಿನಲ್ಲಿ ಇದರ ಅಣ್ಣತಮ್ಮಂದಿರು ಇಣುಕುತ್ತಿರುತ್ತವೆ. ಕೈಗೆ ಭಾರ, ನೋಟಕ್ಕೆ ಗತ್ತು, ಎರಡೂ ಇದೆ.

ಚಾಕು ಕೊಳ್ಳುವ ಮುಂಚೆ ಅದು ಎಲ್ಲಿ ಕೈಕೊಡುತ್ತದೆ ಎಂದು ನೋಡಬೇಕು ಅನ್ನುವವನು ನಾನು. ಏನೇನು ಮಾಡುತ್ತದೆ ಎನ್ನುವುದನ್ನು ಮಾರುವವನೇ ಹೇಳಿರುತ್ತಾನೆ, ಬೇಕಿದ್ದಕ್ಕಿಂತ ಜಾಸ್ತಿಯೇ. ಉತ್ತರ ಕನ್ನಡದಲ್ಲಿ ಚಾಕು ಕೈಕೊಡುವುದು ಹೆಚ್ಚಾಗಿ ಎರಡು ಕಡೆ: ಅಲಗು ಹಿಡಿಗೆ ಸೇರುವಲ್ಲಿ, ಮತ್ತೆ ಉಪ್ಪುಗಾಳಿ ತಾಗಿದಲ್ಲಿ. ಮೂರನೆಯದೊಂದಿದೆ, ಅರಣ್ಯ ಇಲಾಖೆಯ ಗೇಟು. ಅದರ ಮಾತು ಕೊನೆಗೆ.

ಮೊದಲು ಹಿಡಿ. ಅಲಗಿನ ಉಕ್ಕು ಹಿಡಿಯೊಳಗೆ ಮುಂದುವರಿಯುವ ಭಾಗಕ್ಕೆ ಟ್ಯಾಂಗ್ ಎನ್ನುತ್ತಾರೆ. ನಮ್ಮ ಆಡುಮಾತಿನಲ್ಲಿ ಚಾಕುವಿನ ಬಾಲ ಎಂದರೂ ಸರಿಯೇ. ಮೊನೆಯನ್ನು ಮರಕ್ಕೆ ಚುಚ್ಚಿ ಮೀಟಿದಾಗ ಅಥವಾ ಗಟ್ಟಿಯಾದದ್ದನ್ನು ಬಲ ಹಾಕಿ ಕೊಯ್ಯುವಾಗ ಬಾಗುವ ಒತ್ತಡವೆಲ್ಲ ಅಲಗು ಮತ್ತು ಹಿಡಿ ಕೂಡುವ ಜಾಗಕ್ಕೇ ಬಂದು ಬೀಳುತ್ತದೆ. ಟೊಳ್ಳು ಹಿಡಿಯ ಚಾಕುವಿನಲ್ಲಿ ಬೆಂಕಿಕಡ್ಡಿಗೆ ಜಾಗ ಬೇಕಲ್ಲ, ಹಾಗಾಗಿ ಬಾಲವನ್ನು ಒಂದಿಂಚಿನಷ್ಟಕ್ಕೇ ಕತ್ತರಿಸಿ, ಒಂದು ಬೋಲ್ಟಿನಿಂದಲೋ ಅಂಟಿನಿಂದಲೋ ಕೊಳವೆಗೆ ಸಿಕ್ಕಿಸಿರುತ್ತಾರೆ. ಅಗ್ಗದ ಮಾಲು ಮುರಿಯುವುದು ಅಲ್ಲಿಯೇ. ಮುರಿದ ಚಾಕುವಿನ ಅಲಗು ಯಾವ ದಿಕ್ಕಿಗೆ ಹಾರುತ್ತದೆ ಎಂದು ಯಾರೂ ಹೇಳಲಾರರು.

ಒಳ್ಳೆಯದರಲ್ಲಿ ಉಕ್ಕಿನ ಒಂದೇ ಪಟ್ಟಿ ಮೊನೆಯಿಂದ ಹಿಡಿಯ ತುದಿಯವರೆಗೂ ಓಡುತ್ತದೆ. ಎರಡು ಬದಿಗೂ ಮರದ ಅಥವಾ ಪ್ಲಾಸ್ಟಿಕ್ಕಿನ ಹೋಳು ಕೂರಿಸಿ ರಿವೆಟ್ ಹೊಡೆದಿರುತ್ತಾರೆ. ಹಿಡಿಯನ್ನು ಮೇಲಿಂದ ನೋಡಿದರೆ ಉಕ್ಕಿನ ಗೆರೆ ಕಾಣುತ್ತದೆ. ಇದೇ ಫುಲ್ ಟ್ಯಾಂಗ್. ಇದೇ ಇರಬೇಕೆಂಬ ಹಟವೇನೂ ಬೇಡ. ಸ್ವೀಡನ್ನಿನ ಮೊರಾ ಚಾಕುಗಳಲ್ಲಿ ಹಲವಕ್ಕೆ ಬಾಲ ಹಿಡಿಯೊಳಗೇ ಮುಗಿಯುತ್ತದೆ, ಆದರೂ ಕಟ್ಟಿಗೆ ಕೆತ್ತುವವರು ದಶಕಗಳಿಂದ ಅವನ್ನೇ ನೆಚ್ಚಿಕೊಂಡಿದ್ದಾರೆ. ನಮ್ಮ ಊರಿನ ಎಷ್ಟೋ ಕತ್ತಿಗಳದ್ದೂ ಮೊಳೆಯಂಥ ಬಾಲವೇ. ಆದರೆ ಅದು ಹಿಡಿಯನ್ನು ಪೂರ್ತಿ ಹಾದುಹೋಗಿ ಹಿಂದೆ ಹೊರಬಂದು ಮಡಚಿಕೊಂಡಿರುತ್ತದೆ, ಮುಂದೆ ಮರ ಸೀಳದ ಹಾಗೆ ಬಳೆ ಇರುತ್ತದೆ. ಬಾಲ ಉದ್ದವಿರಬೇಕು, ಅಲಗಿನಿಂದ ಬಾಲಕ್ಕೆ ಇಳಿಯುವ ಮೂಲೆ ದುಂಡಗಿರಬೇಕು. ಚೂಪಾದ ಒಳಮೂಲೆಯಿದ್ದರೆ ಬಿರುಕು ಅಲ್ಲಿಂದ ಹುಟ್ಟುತ್ತದೆ.

ಬೆನ್ನ ಗರಗಸವೂ ಇಂಥದ್ದೇ. ಹಲ್ಲು ಗಿಡ್ಡ, ಹಸಿ ಮರಕ್ಕೆ ಹಚ್ಚಿದರೆ ಎರಡು ಸಲ ಎಳೆಯುವುದರೊಳಗೆ ಹೊಟ್ಟು ತುಂಬಿಕೊಂಡು ಜಾರುತ್ತದೆ. ಸೂಕ್ಷ್ಮವಾಗಿ ಕೆತ್ತುವಾಗ ಹೆಬ್ಬೆರಳು ಇಡುವ ಜಾಗ ಚಾಕುವಿನ ಬೆನ್ನು. ಅಲ್ಲಿ ಹಲ್ಲಿದ್ದರೆ ಬೆರಳಿಗೆ ಗಾಯ. ಇನ್ನು ಹಿಡಿಯ ದಿಕ್ಸೂಚಿ. ಅಯಸ್ಕಾಂತದ ಮುಳ್ಳನ್ನು ಅಂಗೈಯಗಲದ ಉಕ್ಕಿನ ತುಂಡಿನ ಪಕ್ಕದಲ್ಲಿ ಕೂರಿಸಿ ಉತ್ತರ ತೋರಿಸು ಅಂದರೆ ಅದಾದರೂ ಏನು ಮಾಡೀತು.

ಕತ್ತಿಯ ಕೆಲಸ, ಚಾಕುವಿನ ಕೆಲಸ

ಹೊರದೇಶದ ಸರ್ವೈವಲ್ ಚಾಕು ದೊಡ್ಡದಾಗಿರುವುದಕ್ಕೆ ಒಂದು ಕಾರಣವಿದೆ. ಅಲ್ಲಿಯವರು ಒಂದೇ ಉಪಕರಣದಿಂದ ಕಡಿಯುವುದು, ಸೀಳುವುದು, ಕೆತ್ತುವುದು ಎಲ್ಲವನ್ನೂ ಮುಗಿಸಲು ನೋಡುತ್ತಾರೆ. ನಮ್ಮಲ್ಲಿ ಆ ಕಷ್ಟವಿಲ್ಲ. ಶಿರಸಿ, ಸಿದ್ದಾಪುರದ ಕಡೆ ಸೊಪ್ಪಿನ ಬೆಟ್ಟಕ್ಕೆ ಹೊರಟವನ ಸೊಂಟದ ಹಿಂದೆ ಕೊಕ್ಕೆ, ಕೊಕ್ಕೆಯಲ್ಲಿ ಕತ್ತಿ. ಅದರ ಭಾರವೆಲ್ಲ ಮುಂದಕ್ಕಿದೆ, ಹಾಗಾಗಿ ಬೀಸಿದರೆ ಸಾಕು, ಒತ್ತಬೇಕಿಲ್ಲ. ತುದಿ ಒಳಕ್ಕೆ ಬಾಗಿರುವುದರಿಂದ ಬಳ್ಳಿಯನ್ನು ಹಿಡಿದು ಎಳೆಯುತ್ತದೆ, ನೆಲದ ಕಲ್ಲಿಗೆ ಮೊನೆ ಬಡಿಯುವುದೂ ತಪ್ಪುತ್ತದೆ. ಬೆತ್ತದ ಮುಳ್ಳು ಸವರುವುದಕ್ಕೆ, ಸೀಗೆ ಬಳ್ಳಿ ಬಿಡಿಸುವುದಕ್ಕೆ ಇದಕ್ಕಿಂತ ಒಳ್ಳೆಯದನ್ನು ಯಾವ ಕಂಪನಿಯೂ ಮಾಡಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಕಡಿಯುವ ಕೆಲಸ ಇದೆ ಎಂದಾದರೆ ಕತ್ತಿ ಬಲ್ಲವರ ಜೊತೆ ಹೋಗಿ.

ಹಾಗಾದರೆ ಚಾರಣಕ್ಕೆ ಹೋದವರ ಚಾಕುವಿಗೆ ಉಳಿಯುವ ಕೆಲಸ ಯಾವುದು? ಹಗ್ಗ ಕತ್ತರಿಸುವುದು, ಬ್ಯಾಂಡೇಜು ಹರಿಯುವುದು, ಹಣ್ಣು ತರಕಾರಿ, ಟೆಂಟಿನ ಗೂಟ ಚೂಪು ಮಾಡುವುದು, ಕಿತ್ತುಹೋದ ಚಪ್ಪಲಿಗೆ ತೂತು ಕೊರೆಯುವುದು, ಕಡಲ ಕಡೆಯಾದರೆ ಮೀನು ಹೆರೆದು ಸೀಳುವುದು. ಇಷ್ಟಕ್ಕೆ 9ರಿಂದ 11 ಸೆಂಟಿಮೀಟರ್ ಉದ್ದದ ಅಲಗು ಬೇಕಾದಷ್ಟಾಯಿತು. ಬೆನ್ನಿನ ದಪ್ಪ ಎರಡೂವರೆಯಿಂದ ಮೂರೂವರೆ ಮಿಲಿಮೀಟರ್. ಆರು ಮಿಲಿಮೀಟರ್ ದಪ್ಪದ್ದನ್ನು ‘ಹೆವಿ ಡ್ಯೂಟಿ’ ಎಂದು ಹೆಚ್ಚು ದುಡ್ಡಿಗೆ ಮಾರುತ್ತಾರೆ. ಅದರಲ್ಲಿ ಮಾವಿನಕಾಯಿ ಹೆಚ್ಚಲು ಹೋದರೆ ಕಾಯಿ ಹೋಳಾಗುವ ಬದಲು ಬಿರಿಯುತ್ತದೆ. ಕತ್ತರಿಸುವುದು ಬಾಯಿಯ, ಅಂದರೆ ಹರಿತದ ಅಂಚಿನ, ಹಿಂದಿನ ತೆಳುವು. ದಪ್ಪ ಉಕ್ಕು ಬರೀ ಬೆಣೆ.

ಚಾಕುವನ್ನು ಕಟ್ಟಿಗೆಯ ಮೇಲಿಟ್ಟು ಇನ್ನೊಂದು ಕೊರಡಿನಿಂದ ಬೆನ್ನಿಗೆ ಬಡಿದು ಸೀಳುವ ವಿಡಿಯೋಗಳನ್ನು ನೀವು ನೋಡಿರುತ್ತೀರಿ. ತೋಯ್ದ ಕಟ್ಟಿಗೆಯ ಒಳಗಿನ ಒಣ ತಿರುಳು ತೆಗೆಯಲು ಅದೊಂದು ಉಪಾಯ, ನಿಜ. ಆದರೆ ನಮ್ಮ ಕಾಡಿನಲ್ಲಿ ಬೆಂಕಿ ಹಾಕುವುದೇ ಅಪರಾಧ ಎಂದಮೇಲೆ ಆ ಒಂದು ಕೆಲಸಕ್ಕೋಸ್ಕರ ದಪ್ಪ ಚಾಕು ಹೊತ್ತು ತಿರುಗುವುದರಲ್ಲಿ ಅರ್ಥ ಕಾಣುವುದಿಲ್ಲ.

ಉಪ್ಪು

ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಮತ್ತು ಆಮ್ಲಜನಕ ಸಾಕು. ಉಪ್ಪು ಸೇರಿದರೆ ಎರಡು ಕೆಡುಕು ಒಟ್ಟಿಗೆ. ಉಪ್ಪುನೀರಿನಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುವುದರಿಂದ ತುಕ್ಕಿನ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ. ಜೊತೆಗೆ ಉಪ್ಪಿನ ಕಣ ಗಾಳಿಯಿಂದಲೇ ತೇವ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರೊಡೆಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ದೇವಬಾಗದ ಮರಳಲ್ಲಿ ಒಂದು ಸಂಜೆ ಬಳಸಿ, ಒಣಗಿದೆ ಎಂದು ಒರೆಗೆ ಹಾಕಿಟ್ಟ ಚಾಕು ನಿಜಕ್ಕೂ ಒಣಗಿರುವುದಿಲ್ಲ. ಬೆಳಗಾಗುವಷ್ಟರಲ್ಲಿ ಕಂದು ಚುಕ್ಕೆ ಎದ್ದಿರುತ್ತದೆ.

ಸ್ಟೇನ್‌ಲೆಸ್ ಉಕ್ಕಿನಲ್ಲಿ ಕನಿಷ್ಠ ಹತ್ತೂವರೆ ಶೇಕಡಾದಷ್ಟು ಕ್ರೋಮಿಯಂ ಇರುತ್ತದೆ. ಅದು ಗಾಳಿಯೊಡನೆ ಸೇರಿ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಕಟ್ಟುತ್ತದೆ. ಗೀರಿದರೆ ಪದರ ತಾನೇ ಮತ್ತೆ ಕೂಡಿಕೊಳ್ಳುತ್ತದೆ. ಉಪ್ಪಿನ ಕ್ಲೋರೈಡ್ ಈ ಪದರವನ್ನು ಅಲ್ಲಲ್ಲಿ ಚುಚ್ಚಿ ಒಡೆಯುತ್ತದೆ. ಸ್ಟೇನ್‌ಲೆಸ್ ಚಾಕುವಿನಲ್ಲಿ ಇಡೀ ಅಲಗು ಕೆಂಪಾಗದೆ ಸೂಜಿಮೊನೆಯಷ್ಟು ಗುಳಿಗಳು ಬೀಳುವುದು ಇದರಿಂದ.

ಇಲ್ಲೊಂದು ಗುಟ್ಟಿದೆ, ಅಂಗಡಿಯವರು ಹೇಳುವುದಿಲ್ಲ. ಉಕ್ಕಿಗೆ ಗಡಸು ಕೊಡುವುದು ಇಂಗಾಲ. ಅದೇ ಇಂಗಾಲ ಹೆಚ್ಚಾದರೆ ಕ್ರೋಮಿಯಂ ಜೊತೆ ಕೂಡಿ ಗಟ್ಟಿ ಕಣಗಳಾಗಿ ಕೂತುಬಿಡುತ್ತದೆ, ಪದರ ಕಟ್ಟಲು ಉಳಿಯುವ ಕ್ರೋಮಿಯಂ ಕಡಿಮೆಯಾಗುತ್ತದೆ. ಡಿ2 ಎಂಬ ಹೆಸರಾಂತ ಉಕ್ಕಿನಲ್ಲಿ ಸುಮಾರು 12 ಶೇಕಡಾ ಕ್ರೋಮಿಯಂ ಇದ್ದರೂ ಇಂಗಾಲ ಒಂದೂವರೆ ಶೇಕಡಾದಷ್ಟಿದೆ, ಆದ್ದರಿಂದ ಕಡಲ ಬದಿ ಅದಕ್ಕೆ ಕಲೆ ಬೀಳುತ್ತದೆ. ಸ್ವೀಡನ್ನಿನ 12ಸಿ27, 14ಸಿ28ಎನ್ ಎಂಬ ಉಕ್ಕುಗಳಲ್ಲಿ ಇಂಗಾಲ 0.6 ಶೇಕಡಾದ ಆಸುಪಾಸು, ಕ್ರೋಮಿಯಂ ಹದಿಮೂರೂವರೆ, ಹದಿನಾಲ್ಕು. ಗಡಸೂ ಇದೆ, ತುಕ್ಕಿಗೂ ಜಗ್ಗುವುದಿಲ್ಲ, ಸಾಮಾನ್ಯ ಮಸೆಗಲ್ಲಿಗೆ ಒಗ್ಗುತ್ತದೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಇವನ್ನೇ. ದಿನವಿಡೀ ಉಪ್ಪುನೀರಲ್ಲೇ ಇರುವವರಿಗೆ ಎಚ್1 ಎಂಬುದೊಂದಿದೆ. ಇಂಗಾಲವನ್ನು ತೀರಾ ಕಡಿಮೆ ಮಾಡಿ ಸಾರಜನಕ ಸೇರಿಸಿದ ಉಕ್ಕು, ತುಕ್ಕು ಹಿಡಿಯುವುದು ಅಪರೂಪ. ದುಬಾರಿ, ಚಾರಣಿಗರಿಗೆ ಬೇಕಿಲ್ಲ.

‘ಸರ್ಜಿಕಲ್ ಸ್ಟೀಲ್’, ‘ಜಪಾನ್ ಸ್ಟೀಲ್’ ಎಂದಷ್ಟೇ ಬರೆದು ದರ್ಜೆಯ ಹೆಸರು ಹೇಳದ ಚಾಕುವನ್ನು ಬಿಟ್ಟುಬಿಡಿ. ಒಳ್ಳೆಯ ಉಕ್ಕು ಹಾಕಿದವನು ಅದರ ಹೆಸರನ್ನು ಬಚ್ಚಿಡುವುದಿಲ್ಲ.

ಘಟ್ಟದ ಮೇಲಿನವರಿಗೆ ಕಾರ್ಬನ್ ಸ್ಟೀಲ್ ಕೂಡ ನಡೆಯುತ್ತದೆ. 1095 ಎಂಬ ಉಕ್ಕಿನಲ್ಲಿ ಇಂಗಾಲ ಸುಮಾರು 0.95 ಶೇಕಡಾ, ಕ್ರೋಮಿಯಂ ಇಲ್ಲವೆಂಬಷ್ಟು ಕಡಿಮೆ. ಚೆನ್ನಾಗಿ ಮಸೆ ಹಿಡಿಯುತ್ತದೆ, ಕೆಲಸ ಮುಗಿದ ಕೂಡಲೇ ಒರೆಸಿಡುವ ಶಿಸ್ತು ಬೇಡುತ್ತದೆ. ಮುರುಗಲ ಹಣ್ಣೋ ಅಪ್ಪೆಮಿಡಿಯೋ ಕೊಯ್ದರೆ ಅಲಗು ಬೂದು ನೀಲಿಗೆ ತಿರುಗುತ್ತದೆ, ಅಡಿಕೆಯ ಚೊಗರು ತಾಗಿದರೆ ಕಪ್ಪಾಗುತ್ತದೆ. ಅದಕ್ಕೆ ಗಾಬರಿ ಬೇಡ, ತಿಕ್ಕಿ ತೆಗೆಯಲೂ ಬೇಡ. ಆ ಕಪ್ಪು ಪದರ ಕೆಂಪು ತುಕ್ಕನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಕೆಂಪು ಕಂಡರೆ ಮಾತ್ರ ಆಗಲೇ ಉಜ್ಜಿ. ಎಣ್ಣೆ ಯಾವುದು ಎಂದು ಕೇಳುತ್ತಾರೆ. ಕೊಬ್ಬರಿ ಎಣ್ಣೆಯನ್ನು ತೆಳ್ಳಗೆ ಸವರಿದರೆ ಆಯಿತು, ಹಣ್ಣು ಕೊಯ್ಯುವ ಚಾಕುವಿಗೆ ಅದೇ ವಾಸಿ. ತಿಂಗಳುಗಟ್ಟಲೆ ಮುಟ್ಟದೆ ಇಡುವುದಾದರೆ ಅದು ಕನರಬಹುದು, ಆಗ ವಾಸನೆಯಿಲ್ಲದ ಖನಿಜ ತೈಲ ಮೇಲು.

ಹದ ಮತ್ತು ಮಸೆ

ಉಕ್ಕಿನ ಗಡಸನ್ನು ರಾಕ್‌ವೆಲ್ ಅಳತೆಯಲ್ಲಿ ಹೇಳುತ್ತಾರೆ. ಹೊರಗಿನ ಬಳಕೆಯ ಚಾಕುವಿಗೆ 56ರಿಂದ 60 ಸರಿ. ಇದಕ್ಕಿಂತ ಮೆತ್ತಗಿದ್ದರೆ ಬಾಯಿ ಮಡಚಿಕೊಳ್ಳುತ್ತದೆ, ತೀರ ಗಡಸಾದರೆ ಮುಕ್ಕಾಗುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ ಮಡಚುವುದೇ ಇರಲಿ. ಮಡಚಿದ್ದನ್ನು ಕಲ್ಲಿಗೆ ಹಚ್ಚಿ ಸರಿ ಮಾಡಬಹುದು, ಮುಕ್ಕಾದದ್ದನ್ನು ಅಷ್ಟೂ ಸವೆಸಬೇಕು.

ಊರಿನ ಆಚಾರಿಯ ಹತ್ತಿರ ಚಾಕು ಮಾಡಿಸಬಹುದೇ? ಧಾರಾಳವಾಗಿ. ಲಾರಿಯ ಸ್ಪ್ರಿಂಗ್ ಪ್ಲೇಟಿನ ಉಕ್ಕು ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಬಡಿತ ತಿಂದರೂ ಮುರಿಯದ ಜಾತಿ, ತುಕ್ಕು ಮಾತ್ರ ಹಿಡಿಯುತ್ತದೆ. ಬಲ್ಲ ಆಚಾರಿ ಕಾಯಿಸಿದ ಅಲಗನ್ನು ಪೂರ್ತಿ ನೀರಿಗೆ ಅದ್ದುವುದಿಲ್ಲ, ಬಾಯಿಯ ಕಡೆಯನ್ನಷ್ಟೇ ತಾಗಿಸುತ್ತಾನೆ. ಬಾಯಿ ಗಡಸಾಗುತ್ತದೆ, ಬೆನ್ನು ಮೆತ್ತಗೆ ಉಳಿದು ಪೆಟ್ಟು ತಾಳುತ್ತದೆ. ಹದ ಸರಿಬಂದಿದೆಯೇ ಎಂದು ನೋಡಲು ಸಣ್ಣ ಅರ ಸಾಕು. ಬಾಯಿಯ ಮೇಲೆ ಹಗುರಾಗಿ ಎಳೆದರೆ ಅರ ಗಾಜಿನ ಮೇಲೆಂಬಂತೆ ಜಾರಬೇಕು. ಕಚ್ಚಿ ಪುಡಿ ಉದುರಿಸಿದರೆ ಹದ ಬಂದಿಲ್ಲ, ಇನ್ನೊಮ್ಮೆ ಕುಲುಮೆಗೆ ಹಾಕಿ ಎಂದು ಕೇಳಿಕೊಳ್ಳಿ. ಬೆನ್ನಿನ ಮೇಲೆ ಅದೇ ಅರ ಕಚ್ಚಿದರೆ ಚಿಂತೆಯಿಲ್ಲ.

ಹದವಾಗಿ ಬಂದ ಚಾಕು ಕೆಡುವುದು ಹೆಚ್ಚಾಗಿ ಗ್ರೈಂಡರಿನಲ್ಲಿ. ಪೇಟೆಯಲ್ಲಿ ಚಕ್ರಕ್ಕೆ ಒತ್ತಿ ಕಿಡಿ ಹಾರಿಸುತ್ತ ಐದು ನಿಮಿಷದಲ್ಲಿ ಹರಿತ ಮಾಡಿಕೊಡುತ್ತಾರಲ್ಲ, ಆಗ ಬಾಯಿಯ ಅಂಚನ್ನು ನೋಡುತ್ತಿರಿ. ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ಕಡೆಗೆ ನೀಲಿ. ನೀಲಿ ಕಂಡಿತೆಂದರೆ ಕಾರ್ಬನ್ ಉಕ್ಕಿಗೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಿ ಅಲ್ಲಿಯ ಗಡಸು ಇಳಿಯಿತೆಂದು ಅರ್ಥ. ಆ ಜಾಗ ಇನ್ನು ಎಷ್ಟು ಮಸೆದರೂ ಹರಿತ ಉಳಿಸಿಕೊಳ್ಳುವುದಿಲ್ಲ.

ಮನೆಯಲ್ಲಿ ಕಲ್ಲಿನ ಮೇಲೆ ಮಸೆಯುವುದೇ ಒಳ್ಳೆಯದು. ಹೊರಗಿನ ಚಾಕುವಿಗೆ ಒಂದೊಂದು ಬದಿಗೆ 20 ಡಿಗ್ರಿ ಕೋನ ಸಾಕು. ಒಂದಿಂಚು ಅಗಲದ ಅಲಗಾದರೆ ಬೆನ್ನು ಕಲ್ಲಿನಿಂದ ಎಂಟೊಂಬತ್ತು ಮಿಲಿಮೀಟರ್ ಮೇಲಿರಬೇಕು, ಅಂದರೆ ಸರಿಸುಮಾರು ಕಿರುಬೆರಳಿನ ತುದಿಯ ದಪ್ಪ. ಅದೇ ಎತ್ತರವನ್ನು ಕೊನೆಯವರೆಗೂ ಕಾಯ್ದುಕೊಳ್ಳುವುದೇ ಕೈಚಳಕ. ಒಂದು ಬದಿ ಮಸೆಯುತ್ತ ಹೋದಾಗ ಇನ್ನೊಂದು ಬದಿಯ ಅಂಚಿನಲ್ಲಿ ಉಗುರಿಗೆ ತಡೆಯುವಂಥ ಸಣ್ಣ ಮುರಿ ಏಳುತ್ತದೆ. ಅದು ಬುಡದಿಂದ ಮೊನೆಯವರೆಗೂ ಎದ್ದಮೇಲೆ ಮಗುಚಿ ಹಾಕಿ. ಹಲ್ಲುಹಲ್ಲಾದ ಬಾಯಿಯ ಚಾಕು ತೋಯ್ದ ನೈಲಾನ್ ಹಗ್ಗವನ್ನು ಬೇಗ ಕತ್ತರಿಸುತ್ತದೆ, ಅದು ನಿಜ. ಆದರೆ ಅದನ್ನು ಈ ಕಲ್ಲಿನಲ್ಲಿ ಮಸೆಯಲಾಗುವುದಿಲ್ಲ. ನೇರ ಬಾಯಿಯದ್ದನ್ನೇ ತೆಗೆದುಕೊಳ್ಳಿ.

ಮಡಚುವ ಚಾಕುವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೆರೆದಾಗ ಕಚ್ಚಿ ಹಿಡಿಯುವ ಲಾಕ್ ಇರಲೇಬೇಕು, ಇಲ್ಲದಿದ್ದರೆ ಮೊನೆ ಒತ್ತಿದಾಗ ಬೆರಳ ಮೇಲೇ ಮಡಚುತ್ತದೆ. ಸ್ವಿಸ್ ಆರ್ಮಿ ಚಾಕುವಿನ ಚಿಕ್ಕ ಮಾದರಿಗಳಲ್ಲಿ ಅಲಗಿಗೆ ಲಾಕ್ ಇಲ್ಲ. ಹಣ್ಣಿಗೆ ಸರಿ, ಚುಚ್ಚುವುದಕ್ಕಲ್ಲ. ಫ್ರಾನ್ಸಿನ ಒಪಿನೆಲ್ ಹಗುರ, ಹರಿತ, ಕೈಗೆಟುಕುವ ಬೆಲೆ, ಆದರೆ ಮರದ ಹಿಡಿ ಮಳೆಗಾಲದಲ್ಲಿ ಉಬ್ಬಿ ಅಲಗನ್ನು ಕಚ್ಚಿಕೊಂಡು ಬಿಡುತ್ತದೆ. ಓಂ ಬೀಚಿನ ಮರಳು ಕೀಲಿನೊಳಗೆ ಹೊಕ್ಕರಂತೂ ಯಾವ ಮಡಚುವ ಚಾಕುವೂ ಕರಕರ ಎನ್ನುತ್ತದೆ. ನಮ್ಮ ಹವೆಗೆ ಮಡಚದ ಚಾಕು ಲೇಸು.

ಹಿಡಿಯನ್ನು ಅಂಗಡಿಯಲ್ಲೇ ಕೈ ಒದ್ದೆ ಮಾಡಿಕೊಂಡು ಹಿಡಿದು ನೋಡಿ, ಅಂಗಡಿಯವನು ಏನೆಂದುಕೊಂಡರೂ ಪರವಾಗಿಲ್ಲ. ಮೀನಿನ ಲೋಳೆ, ಬೆವರು, ಮಳೆ ಯಾವುದಿದ್ದರೂ ಕೈ ಮುಂದಕ್ಕೆ ಜಾರಿ ಬಾಯಿಯ ಮೇಲೆ ಹೋಗದಂತೆ ತಡೆ ಇರಬೇಕು. ಬಣ್ಣ ಕಿತ್ತಳೆಯೋ ಹಳದಿಯೋ ಆಗಿರಲಿ. ಕಪ್ಪು, ಹಸಿರು ಹಿಡಿಯ ಚಾಕು ದರಕಿನ (ಉದುರಿದ ಒಣ ಎಲೆಗಳ) ಮೇಲೆ ಬಿದ್ದರೆ ಅದನ್ನು ಮೊದಲು ಕಂಡುಹಿಡಿಯುವುದು ನಿಮ್ಮ ಕಾಲು. ಒರೆಯೊಳಗೆ ಚಾಕು ಹಾಕಿ ತಲೆಕೆಳಗು ಮಾಡಿ ಅಲ್ಲಾಡಿಸಿ, ಬೀಳಬಾರದು. ಚರ್ಮದ ಒರೆ ಚೆಂದ, ಆದರೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಅದು ನೀರು ಹೀರಿ ಅಲಗಿಗೆ ಒತ್ತಿ ಹಿಡಿಯುತ್ತದೆ, ಮೇಲೆ ಬೂಷ್ಟು ಬೇರೆ. ತಳದಲ್ಲಿ ನೀರು ಹೋಗುವ ತೂತಿರುವ ಗಟ್ಟಿ ಪ್ಲಾಸ್ಟಿಕ್ಕಿನದೇ ಇರಲಿ.

ಬಳಸುವಾಗ ಒಂದು ಅಪಾಯವನ್ನು ಒತ್ತಿ ಹೇಳಬೇಕು. ಕೂತು ಕೆತ್ತುವಾಗ ಕಟ್ಟಿಗೆಯನ್ನು ಎರಡು ತೊಡೆಗಳ ನಡುವೆ ಹಿಡಿಯುವ ಅಭ್ಯಾಸ ಹಲವರಿಗಿದೆ. ತೊಡೆಯ ಒಳಭಾಗದಲ್ಲಿ ದೊಡ್ಡ ರಕ್ತನಾಳ ಹಾದುಹೋಗುತ್ತದೆ. ಅಲ್ಲಿ ಚಾಕು ಜಾರಿದರೆ ಶರಾವತಿ ಕಣಿವೆಯಿಂದಲೋ ಮಾಗೋಡಿನಿಂದಲೋ ಆಸ್ಪತ್ರೆ ಮುಟ್ಟುವಷ್ಟು ಹೊತ್ತು ಸಿಗದೆ ಹೋಗಬಹುದು. ಮೊಣಕೈಗಳನ್ನು ಮೊಣಕಾಲಿನ ಮೇಲಿಟ್ಟು, ಮೈಯಿಂದ ಹೊರಕ್ಕೆ ಕೆತ್ತಿ. ಕೈಚಾಚಿದಷ್ಟು ದೂರದಲ್ಲಿ ಯಾರೂ ಇರಬಾರದು. ಬೀಳುವ ಚಾಕುವನ್ನು ಹಿಡಿಯಲು ಹೋಗಬೇಡಿ. ಕೊಯ್ದುಕೊಂಡರೆ ಕಾಫಿಪುಡಿ, ಅರಿಸಿನ ತುಂಬುವ ಬದಲು ಚೊಕ್ಕ ಬಟ್ಟೆ ಇಟ್ಟು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುವೆ ನಿಂತಿತಾ ಎಂದು ಎತ್ತಿ ನೋಡಬೇಡಿ. ಟಿಟಿ ಇಂಜೆಕ್ಷನ್ ಮರೆಯಬೇಡಿ.

ಹಾವು ಕಚ್ಚಿದ ಜಾಗವನ್ನು ಚಾಕುವಿನಿಂದ ಸೀಳಿ ವಿಷ ಹೀರುವುದು ಹಳೆಯ ಸರ್ವೈವಲ್ ಕಿಟ್‌ಗಳು ಕಲಿಸಿದ ಪಾಠ. ಅದು ತಪ್ಪು. ವಿಷ ಹೊರಬರುವುದಿಲ್ಲ, ಮಂಡಲದ ಹಾವಿನ ವಿಷದಿಂದ ರಕ್ತ ಹೆಪ್ಪುಗಟ್ಟುವುದು ನಿಂತಿದ್ದರೆ ಆ ಸೀಳಿನಿಂದಲೇ ರಕ್ತ ಹರಿದುಹೋಗುತ್ತದೆ. ಕಚ್ಚಿಸಿಕೊಂಡವರನ್ನು ಅಲ್ಲಾಡಲು ಬಿಡದೆ 108ಕ್ಕೆ ಕರೆ ಮಾಡಿ. ಚಾಕು ಒರೆಯಲ್ಲೇ ಇರಲಿ.

ಗೇಟಿನಲ್ಲಿ

ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಆಯುಧಗಳು ಸೇರುತ್ತವೆ. ಮನೆಗೆಲಸ, ಕೃಷಿ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದವಕ್ಕೆ ವಿನಾಯಿತಿ ಇದೆ. ತೋಟಕ್ಕೆ ಹೊರಟವನ ಕತ್ತಿಗೆ ತೊಂದರೆಯಾಗದಿರುವುದು ಅದರಿಂದಲೇ. ನಾಲ್ಕಿಂಚಿನ ಚಾಕು ಈ ಅಳತೆಗೆ ಎಲ್ಲೂ ಸಿಗುವುದಿಲ್ಲ. ಎರಡೂ ಕಡೆ ಬಾಯಿಯಿರುವ ಕಠಾರಿ ಮಾದರಿಯದನ್ನು ಮಾತ್ರ ಕೊಳ್ಳಬೇಡಿ. ಕಠಾರಿ ಆ ಪಟ್ಟಿಯಲ್ಲಿ ಹೆಸರಿಸಿದ ಆಯುಧ, ಮತ್ತೆ ಬೆನ್ನಿಗೆ ಹೆಬ್ಬೆರಳು ಇಡಲಾಗದ ಚಾಕು ಕೆಲಸಕ್ಕೂ ಬಾರದು. ಚುನಾವಣೆಯ ಹೊತ್ತಿನಲ್ಲಿ, ಊರಿನಲ್ಲಿ ಗಲಾಟೆಯಾಗಿ ನಿಷೇಧಾಜ್ಞೆ ಹೊರಡಿಸಿದಾಗ ಸಣ್ಣದನ್ನೂ ಮನೆಯಲ್ಲಿ ಬಿಡಿ.

ಕಾಡಿನ ಕಾನೂನು ಇದಕ್ಕಿಂತ ಬಿಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಆಯುಧ’ ಎಂಬುದರ ವ್ಯಾಖ್ಯೆಯಲ್ಲಿ ಬಂದೂಕು, ಬಲೆ, ವಿಷದ ಜೊತೆಗೆ ಚಾಕುವಿನ ಹೆಸರೂ ಇದೆ, ಉದ್ದ ಎಷ್ಟು ಎಂಬ ಮಾತಿಲ್ಲ. 31ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಆಯುಧ ಒಯ್ಯುವಂತಿಲ್ಲ. ರಾಷ್ಟ್ರೀಯ ಉದ್ಯಾನಕ್ಕೂ ಇದೇ ಅನ್ವಯಿಸುತ್ತದೆ. ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ ಸೇರಿದ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಮುಂಡಗೋಡದ ಅತ್ತಿವೇರಿ ಪಕ್ಷಿಧಾಮ, ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ ಎಲ್ಲವೂ ಇದರೊಳಗೆ ಬರುತ್ತವೆ. ಹಣ್ಣು ಕೊಯ್ಯಲು ತಂದದ್ದು ಸ್ವಾಮಿ ಎಂದರೆ ಗೇಟಿನ ಗಾರ್ಡ್ ನಕ್ಕು ಬಿಟ್ಟರೂ ಬಿಡಬಹುದು, ಬಿಡದಿದ್ದರೆ ಕಾಯ್ದೆ ಅವರ ಕಡೆಗಿದೆ. ಸಫಾರಿಗೋ ಅಭಯಾರಣ್ಯದೊಳಗಿನ ಚಾರಣಕ್ಕೋ ಹೊರಟರೆ ಚಾಕುವನ್ನು ಹೋಂಸ್ಟೇಯಲ್ಲೇ ಬಿಟ್ಟು ಹೋಗಿ. ಮರೆತು ತಂದಿದ್ದರೆ ಅವರು ಕೇಳುವ ಮೊದಲೇ ತೆಗೆದು ಗೇಟಿನಲ್ಲಿ ಕೊಡಿ. ಬ್ಯಾಗಿನ ತಳದಲ್ಲಿ ಬಟ್ಟೆ ಸುತ್ತಿಟ್ಟದ್ದು ತಪಾಸಣೆಯಲ್ಲಿ ಸಿಕ್ಕಿದರೆ ವಿವರಣೆ ಕೊಡುವುದು ಕಷ್ಟ.

ಕಾರವಾರದಲ್ಲಿ ನೌಕಾನೆಲೆ ಇದೆ, ಕೈಗಾದಲ್ಲಿ ಅಣುಸ್ಥಾವರ ಇದೆ; ಅವುಗಳ ಗೇಟಿನ ಹತ್ತಿರ ಸೊಂಟಕ್ಕೆ ಚಾಕು ಸಿಕ್ಕಿಸಿಕೊಂಡು ಸುಳಿಯುವುದು ಜಾಣತನವಲ್ಲ. ಗೋವಾದಿಂದ ವಿಮಾನ ಹತ್ತುವವರು ಚಾಕುವನ್ನು ಒರೆಗೆ ಹಾಕಿ, ಮೇಲೊಂದು ಬಟ್ಟೆ ಸುತ್ತಿ ಚೆಕ್-ಇನ್ ಬ್ಯಾಗಿಗೆ ಹಾಕಬೇಕು. ಕೈಚೀಲದಲ್ಲಿ ಉಳಿದರೆ ಭದ್ರತಾ ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ, ತಿರುಗಿ ಸಿಗುವ ಆಸೆ ಇಟ್ಟುಕೊಳ್ಳಬೇಡಿ.